ಅಡಿಕೆ ಆ್ಯಪಿನ ಸೆಟ್ಟಿಂಗ್ ಎಲ್ಲಾ ಒಂದೇ ಬೈಟಲ್ಲಿ

ಶಿರಸಿ ಕಡೆ ಬೆಳೆಗಾರ್ರಿಗೆ ಅಡಿಕೆ ಧಾರಣೆ ತೋರ್ಸೋ ಆ್ಯಪ್ ಬರೀತಿದೀರಿ ಅಂತಿಟ್ಕೊಳ್ಳಿ. ಯಾವ್ಯಾವ ಅಡಿಕೆ ರೇಟ್ ಬೇಕು, ಯಾವ ಮಾರ್ಕೆಟ್ಟಿಂದು, ಮಳೆ ಅಲರ್ಟ್ ಬೇಕಾ ಬೇಡ್ವಾ, ಇಷ್ಟನ್ನ ಇಡೋಕೆ 8 ಬಿಟ್ (0 ಇಲ್ಲಾ 1 ಹಿಡಿಯೋ ಜಾಗ), ಅಂದ್ರೆ ಒಂದು ಬೈಟ್ ಸಾಕು, ಘಟ್ಟದ ಕೆಳಗೆ ನೆಟ್‌ವರ್ಕ್ ಕೈಕೊಡೋ ಜಾಗದಲ್ಲೂ ಒಂದು ನಂಬರ್ ಕಳಿಸೋದು ಸುಲಭ. ಕೆಳಗಿನ ಚಾಲಿಯಿಂದ ಕೆಂಪುಗೋಟಿನವರೆಗೆ ಅಡಿಕೆಯ ವಿಧಗಳು; 1 << 4 ಅಂದ್ರೆ 1ನ್ನ ಎಡಕ್ಕೆ 4 ಜಾಗ ಸರಿಸೋದು.

ಚಾಲಿ = 1 << 0
ರಾಶಿ = 1 << 1
ಬೆಟ್ಟೆ = 1 << 2
ಬಿಳೆಗೋಟು = 1 << 3
ಕೆಂಪುಗೋಟು = 1 << 4
ಮಳೆ = 1 << 7

ಒಬ್ರೇ ಚಾಲಿನೂ ರಾಶಿನೂ ಎರಡೂ ಮಾಡ್ತಾರಲ್ಲ, ಅದಕ್ಕೇ ಒಂದೊಂದಕ್ಕೆ ಒಂದೊಂದು ಬಿಟ್. ಎಲ್ಲಾ ಬಿಟ್ ಸೇರಿದ ನಂಬರನ್ನ 'ಸೆಟ್' ಅನ್ನೋಣ. ಆನ್ ಮಾಡೋಕೆ ಸೆಟ್ = ಸೆಟ್ | ರಾಶಿ, ಆಫ್ ಮಾಡೋಕೆ ಸೆಟ್ & ~ರಾಶಿ, ಉಲ್ಟಾ ಮಾಡೋಕೆ ಸೆಟ್ ^ ರಾಶಿ.

ಮಾರ್ಕೆಟ್ ಮಾತ್ರ ಬೇರೆ ಥರ, ಅಲ್ಲಿ ಆರಿಸೋದು ಒಂದನ್ನೇ. ಶಿರಸಿ 0, ಸಿದ್ದಾಪುರ 1, ಯಲ್ಲಾಪುರ 2, ಕುಮಟಾ 3, ಅಂದ್ರೆ ನಾಲ್ಕಕ್ಕೆ ಎರಡೇ ಬಿಟ್ (5 ಮತ್ತು 6), ಮಾಸ್ಕ್ (ಆ ಎರಡು ಬಿಟ್ಟನ್ನ ಮಾತ್ರ ಆರಿಸೋ ನಂಬರ್) 3 << 5 ಅಂದ್ರೆ 96. ಇಲ್ಲಿ ಹುಷಾರಾಗಿರಿ: ಸಿದ್ದಾಪುರ ಇದ್ದಾಗ ಸುಮ್ನೆ | ಹಾಕಿ ಯಲ್ಲಾಪುರ ಸೇರಿಸಿದ್ರೆ 1 | 2 ಆಗಿ 3 ಬರತ್ತೆ, ಯೂಸರ್‌ಗೆ ಕುಮಟಾ ರೇಟ್ ಕಾಣತ್ತೆ! ಮೊದ್ಲು ಹಳೇದನ್ನ ಒರೆಸಿ, ಆಮೇಲೆ ಹೊಸದು:

ಸೆಟ್ = (ಸೆಟ್ & ~96) | (2 << 5)

ಚಾಲಿ, ರಾಶಿ, ಯಲ್ಲಾಪುರ, ಮಳೆ ಅಲರ್ಟ್ ಸೇರಿದ್ರೆ 1 + 2 + 64 + 128 = 195. ಮಾರ್ಕೆಟ್ ವಾಪಸ್ ಓದೋವಾಗ ಬಲಕ್ಕೆ 5 ಜಾಗ ಸರಿಸಿ ಕೊನೇ ಎರಡು ಬಿಟ್ ಮಾತ್ರ ಇಟ್ಕೊಳ್ಳೋಕೆ (195 >> 5) & 3 ಮಾಡಿ, 2 ಸಿಗತ್ತೆ, ಯಲ್ಲಾಪುರ. ಜಾವಾದಲ್ಲಿ ಬೈಟ್ ಟೈಪಲ್ಲಿ ಇಟ್ರೆ ಇದೇ 195 ಮೈನಸ್ 61 ಆಗಿ ಕಾಣತ್ತೆ, ಇಂಟ್‌ನಲ್ಲೇ ಇಡಿ.

ಚೆಕ್ ಮಾಡೋವಾಗ ಬ್ರಾಕೆಟ್ ಬಿಡ್ಲೇಬೇಡಿ. (ಸೆಟ್ & ರಾಶಿ) != 0 ಅಂತ ಬರೀರಿ; ಸಿ ಮತ್ತು ಜಾವಾಸ್ಕ್ರಿಪ್ಟಲ್ಲಿ ಬ್ರಾಕೆಟ್ ಇಲ್ದಿದ್ರೆ ಮೊದ್ಲು ರಾಶಿ != 0 ಲೆಕ್ಕ ಆಗಿ 1 ಬರತ್ತೆ, ಆಗ ನೀವು ರಾಶಿ ಅಂದ್ಕೊಂಡು ನೋಡ್ತಿರೋದು ಚಾಲಿ ಬಿಟ್ಟನ್ನ, ಎರರ್ ಕೂಡ ಬರಲ್ಲ, ಹುಡುಕೋಕೆ ದಿನಗಟ್ಲೆ ಹೋಗತ್ತೆ.

ಆ್ಯಪ್ ಜನರ ಕೈಗೆ ಹೋದ್ಮೇಲೆ ಬಿಟ್‌ಗಳ ಜಾಗ ಬದಲಿಸ್ಬೇಡಿ, ಹೊಸ ಸೆಟ್ಟಿಂಗ್ ಬಂದ್ರೆ 1 << 8 ಇಂದ ಮುಂದುವರಿಸಿ. ಹಳೇ ಯೂಸರ್‌ಗಳಿಗೆ ಆ ಬಿಟ್ 0 ಇರತ್ತಲ್ಲ, ಹಾಗಾಗಿ 0 ಅಂದ್ರೆ ಮಾಮೂಲಿ ಸ್ಥಿತಿ ಅನ್ನೋ ಹಾಗೆ ಹೆಸರಿಡಿ: ಸೌಂಡ್ ಮೊದ್ಲಿಂದ್ಲೂ ಆನ್ ಇರ್ಬೇಕಾದ್ರೆ ಬಿಟ್ಟಿನ ಹೆಸರು 'ಸೌಂಡ್‌ಆಫ್' ಆಗ್ಲಿ.

ಊರ ಹೆಸರು, ತೋಟದ ಎಕರೆ ಇಂಥದ್ದನ್ನ ಇದ್ರಲ್ಲಿ ತುರುಕೋಕೆ ಹೋಗ್ಬೇಡಿ. ರಾಶಿ ಆರಿಸಿದವ್ರನ್ನೆಲ್ಲ ದಿನಾ ಡೇಟಾಬೇಸಲ್ಲಿ ಹುಡುಕಿ ಮೆಸೇಜ್ ಕಳಿಸೋದಿದ್ರೂ ಅಷ್ಟೇ, ಹೀಗೆ ಬಿಟ್ ಸೇರಿಸಿದ ನಂಬರಿಗೆ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕೋಕೆ ಇಡೋ ಪಟ್ಟಿ) ಉಪಯೋಗಕ್ಕೆ ಬರಲ್ಲ, ಅದಕ್ಕೆ ಬೇರೆ ಕಾಲಮ್ಮೇ ಇರ್ಲಿ.