ಮರಿ ಆಮೆಗೆ ಒಣ ಮನೆ ಬೇಡ

ಮಕ್ಕಳ ಹಠಕ್ಕೆ ಮಣಿದು ಅಮೆರಿಕದ ನಿಮ್ಮ ಮನೆಗೆ ಸಲ್ಕಾಟಾ ಆಮೆ ಮರಿ ತಂದಿದ್ದೀರಾ? ಹಾಗಾದರೆ ವರ್ಷಗಳಿಂದ ಆಮೆ ಸಾಕುತ್ತಾ ಬಂದಿರುವ ಈ ಅಜ್ಜಿಯ ಮಾತು ಸ್ವಲ್ಪ ಕೇಳಿ. 'ಇದು ಮರುಭೂಮಿ ಪ್ರಾಣಿ, ಒಣಗಿದ ಜಾಗ ಸಾಕು, ನೀರು ತಾಗಿಸಬೇಡಿ' ಎಂದು ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡಿ. ಮರಿಗೆ ಅದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ.

ಸಲ್ಕಾಟಾ ಆಫ್ರಿಕಾದ್ದು. ಸಹಾರಾದ ದಕ್ಷಿಣ ಅಂಚಿನ ಒಣ ಸೀಮೆ ಅದರ ತವರು. ಆದರೆ ಅಲ್ಲಿ ಅದು ದಿನವಿಡೀ ಸುಡುವ ಬಿಸಿಲಲ್ಲಿ ನಿಂತಿರುವುದಿಲ್ಲ. ಬಿಲದೊಳಗೆ, ಪೊದೆ ಬುಡದಲ್ಲಿ ಅಡಗಿರುತ್ತದೆ. ಅಲ್ಲಿಯ ಮಣ್ಣಿನಲ್ಲಿ ತಂಪೂ ತೇವವೂ ಇರುತ್ತವೆ. ನಾವು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಬಲ್ಬ್ ಉರಿಸಿ, ಕೆಳಗೆ ಒಣಹುಲ್ಲು ಹಾಕಿದರೆ ಚಿಪ್ಪು ಬೆಳೆಯುವ ಹೊತ್ತಿನಲ್ಲೇ ಒಣಗುತ್ತದೆ. ಆಗ ಒಂದೊಂದು ಫಲಕವೂ ಗೋಪುರದ ಹಾಗೆ ಮೇಲೆದ್ದು ಬೆನ್ನೆಲ್ಲ ಗುಡ್ಡ ಗುಡ್ಡ ಆಗುತ್ತದೆ. ಜಾಸ್ತಿ ಪ್ರೋಟೀನ್ ತಿನ್ನಿಸಿದ್ದಕ್ಕೆ ಹೀಗಾಯಿತು ಅಂತ ಹಿಂದೆ ಹೇಳುತ್ತಿದ್ದರು. ಆದರೆ ಆಸ್ಟ್ರಿಯಾದ ಸಂಶೋಧಕರು ಸಲ್ಕಾಟಾ ಮರಿಗಳನ್ನೇ ಬೆಳೆಸಿ ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೋಟೀನಿಗಿಂತ ಗಾಳಿಯ ತೇವವೇ ಮುಖ್ಯ ಎಂದು ಕಂಡುಬಂತು. ಒಮ್ಮೆ ಎದ್ದ ಗುಡ್ಡ ಮತ್ತೆ ಇಳಿಯುವುದಿಲ್ಲ. ಅದಕ್ಕೇ ಮೊದಲ ಎರಡು ವರ್ಷದ ಆರೈಕೆ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮರಿಗೆ ಬೇಕಾದ್ದು ತೇವ ಮತ್ತು ಶಾಖ, ಎರಡೂ ಒಟ್ಟಿಗೆ. ಬೆಚ್ಚಗಿನ ತೇವ ಅದಕ್ಕೆ ಒಳ್ಳೆಯದು. ತಣ್ಣನೆಯ ತೇವ ಆದರೆ ಶ್ವಾಸಕೋಶಕ್ಕೇ ಹೊಡೆತ. ತೇವ 80 ಪ್ರತಿಶತದ ಆಸುಪಾಸು ಇಟ್ಟಿದ್ದೀರಿ ಅಂದರೆ, ರಾತ್ರಿಯೂ ಪೆಟ್ಟಿಗೆಯೊಳಗೆ 27 ಡಿಗ್ರಿಗಿಂತ, ಅಂದರೆ ಫ್ಯಾರನ್‌ಹೀಟ್ ಲೆಕ್ಕದ 80ಕ್ಕಿಂತ, ಕೆಳಗೆ ಇಳಿಯಬಾರದು. ಹಗಲು ಒಂದು ಮೂಲೆಯಲ್ಲಿ ಮೈ ಕಾಯಿಸಿಕೊಳ್ಳಲು 35ರಿಂದ 38 ಡಿಗ್ರಿಯ ಜಾಗ ಬೇಕು. ಇನ್ನೊಂದು ಮೂಲೆ ಅಷ್ಟು ಬಿಸಿ ಇರಬಾರದು. ಬಿಸಿ ಸಾಕೆನಿಸಿದರೆ ಮರಿ ತಾನೇ ಅತ್ತ ಹೋಗುತ್ತದೆ. ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ, ಅದಕ್ಕೆ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಕೆಂಪು ಬಲ್ಬ್ ಬೇಡ. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದಂತೂ ಬೇಡವೇ ಬೇಡ, ಹೊಟ್ಟೆ ಸುಟ್ಟುಬಿಡುತ್ತದೆ.

ಮೇಲೆ ಜಾಲರಿ ಮುಚ್ಚಳವಿದ್ದರೆ ನೀವು ಎಷ್ಟು ನೀರು ಸಿಂಪಡಿಸಿದರೂ ಸುಮ್ನೆ ಆವಿಯಾಗಿ ಹೋಗುತ್ತದೆ. ಮೇಲೆಲ್ಲ ಮುಚ್ಚಿದ, ಮುಂದೆ ಬಾಗಿಲಿರುವ ಪೆಟ್ಟಿಗೆಯೇ ಸರಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಸದ್ಯಕ್ಕೆ ಸಾಲುತ್ತದೆ. ಸುತ್ತಲೂ ಗಾಜಿದ್ದರೆ ಹೊರಗೆ ಹೋಗಲು ದಾರಿಯಿದೆ ಅಂದುಕೊಂಡು ಮರಿ ಅದನ್ನೇ ಕೆರೆಯುತ್ತಾ ಓಡಾಡುತ್ತದೆ. ಹೊರಗಿನಿಂದ ಕಾಗದ ಅಂಟಿಸಿ. ತಳಕ್ಕೆ ನಮ್ಮ ತೆಂಗಿನ ನಾರಿನ ಕೋಕೋಪೀಟ್ ಹಾಕಬಹುದು, ಅದರ ಮೇಲೆ ಫರ್ ಮರದ ತೊಗಟೆ ಚೂರು ಹಾಕಿದರೆ ಇನ್ನೂ ಒಳ್ಳೆಯದು. ಬೆಚ್ಚಗಿನ ನೀರನ್ನು ಮೂಲೆಗಳಲ್ಲಿ ಸುರಿದರೆ ತಳ ಒದ್ದೆಯಾಗಿ, ಮೇಲ್ಪದರ ಬಹುಪಾಲು ಒಣಗೇ ಇರುತ್ತದೆ. ಮರಳು ಬೇಡ, ತಿಂದರೆ ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಅಡಗಲು ಒಂದು ಹೂಕುಂಡವನ್ನು ಅಡ್ಡ ಮಲಗಿಸಿ, ಅರ್ಧ ಹೂತುಬಿಡಿ. ನೀರಿಗೆ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು. ಮರಿ ಸಲೀಸಾಗಿ ಹತ್ತಿ ಇಳಿಯುವ ಹಾಗೆ ಅದನ್ನೂ ಹೂಳಿ.

ಗಾಳಿಯ ತೇವ, ಶಾಖ ಎರಡನ್ನೂ ಅಳೆಯುವ ಡಿಜಿಟಲ್ ಮೀಟರನ್ನು ಮರಿಯ ಬೆನ್ನಿನ ಮಟ್ಟದಲ್ಲೇ ಇಡಿ. ಮೇಲೆ ತೂಗುಹಾಕಿದರೆ ಲೆಕ್ಕ ತಪ್ಪುತ್ತದೆ. ಯುವಿಬಿ, ಅಂದರೆ ಬಿಸಿಲಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಕೊಡುವ ಟ್ಯೂಬ್ ದೀಪ ಹಗಲಿಡೀ, ಹತ್ತು ಹನ್ನೆರಡು ಗಂಟೆ, ಉರಿಯಲಿ. ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ.

ದಿನಾ ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ಬಿಡಿ. ನೀರು ಮೇಲಿನ ಚಿಪ್ಪು ಕೆಳಗಿನ ಚಿಪ್ಪು ಸೇರುವ ಗೆರೆವರೆಗೆ ಇರಲಿ, ಅದಕ್ಕಿಂತ ಮೇಲೆ ಬೇಡ. ಕುಡಿಯುತ್ತದೆ, ಹೊಟ್ಟೆಯೂ ಖಾಲಿಯಾಗುತ್ತದೆ. ನಿಮ್ಮ ಅಡಿಗೆಮನೆ ಸಿಂಕಿನಲ್ಲಿ ಮಾತ್ರ ಇದನ್ನು ಮಾಡಬೇಡಿ. ಆಮೆಯಿಂದ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹರಡುತ್ತದೆ. 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲೆಂದು ಮಾರುವುದಕ್ಕೆ ಅಮೆರಿಕದಲ್ಲಿ 1975ರಿಂದ ನಿಷೇಧ ಇರುವುದೂ ಮಕ್ಕಳಿಗೆ ಇದು ತಗುಲುತ್ತಿದ್ದ ಕಾರಣಕ್ಕೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಊಟಕ್ಕೆ ಹುಲ್ಲು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ. ಔಷಧ ಹೊಡೆದ ಗಿಡದ್ದು ಬೇಡ. ಪ್ರೀತಿಯಿಂದ ಬಾಳೆಹಣ್ಣು ಕೊಡುವವರಿದ್ದಾರೆ. ಕೊಡಬೇಡಿ, ಹೊಟ್ಟೆ ಕೆಡುತ್ತದೆ.

ಮೂಗಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಊದಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಸರೀಸೃಪ ನೋಡುವ ವೈದ್ಯರಲ್ಲಿಗೆ ಅವತ್ತೇ ಹೋಗಿ.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಇಲ್ಲಿ ಆಮೆ ಸಾಕಿದ್ದೇವಲ್ಲ ಅಂತ ಊರಲ್ಲಿರುವ ತಮ್ಮನ ಮನೆಗೂ ಒಂದು ನಕ್ಷತ್ರ ಆಮೆ ಕೊಡಿಸಲು ಹೋಗಬೇಡಿ. ನಮ್ಮ ಬಯಲುಸೀಮೆಯ ಕಾಡುಪ್ರಾಣಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದೂ, ಕೊಳ್ಳುವುದೂ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಯಾರಾದರೂ ಮಾರುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ರಜೆಗೆ ಊರಿಗೆ ಹೊರಡುವಾಗ ಟಿಕೆಟ್‌ಗಿಂತ ಮೊದಲೇ ಮರಿ ನೋಡಿಕೊಳ್ಳುವವರನ್ನು ಗೊತ್ತು ಮಾಡಿ. ಅವರ ಕೈಯಲ್ಲಿ ಒಂದು ವಾರ ಮುಂಚೆಯೇ ನೀರು ಹಾಕಿಸಿ, ಮೀಟರ್ ಓದಿಸಿ, ಅಭ್ಯಾಸ ಮಾಡಿಸಿ. ಥರ್ಮೋಸ್ಟಾಟ್ ಯಾವ ಅಂಕಿಯಲ್ಲಿರಬೇಕು, ಕರೆಂಟ್ ಹೋದರೆ ಏನು ಮಾಡಬೇಕು, ವೈದ್ಯರ ಫೋನ್ ನಂಬರ್ ಏನು, ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಪೆಟ್ಟಿಗೆಗೇ ಅಂಟಿಸಿ ಹೋಗಿ.