ಬೆಳದಿಂಗಳ ತೋಟಕ್ಕೆ ಗಿಡ ಆರಿಸಿದ ಬಗೆ: ಕಲಬುರಗಿಯ ಎರೆ ಮಣ್ಣಿನಲ್ಲಿ ನನ್ನ ಅನುಭವ

ಕಳೆದ ದವನದ ಹುಣ್ಣಿಮೆಯ ರಾತ್ರಿ ನಮ್ಮ ಹಿತ್ತಲಿನಲ್ಲಿ ದೀಪ ಹಚ್ಚದೆಯೇ ಹತ್ತು ಗಂಟೆಯವರೆಗೆ ಕುಳಿತಿದ್ದೆವು. ಬೆಳದಿಂಗಳಲ್ಲಿ ನೋಡಲೆಂದೇ ಬಿಳಿ ಹೂವು, ಬೆಳ್ಳಿ ಬಣ್ಣದ ಎಲೆಯ ಗಿಡಗಳನ್ನು ನೆಟ್ಟ ತೋಟವದು. "ಬರೇ ಬಿಳಿ ಹೂವ ಹಚ್ಚಿದ್ರ ಏನ್ ಛಂದ ಕಾಣ್ತದ?" ಎಂದು ಮೂರು ವರ್ಷದ ಹಿಂದೆ ಕೇಳಿದ್ದ ಪಕ್ಕದ ಮನೆಯ ಕಾಕಾ, ಹೊರಡುವಾಗ ನಂದಿಬಟ್ಟಲಿನ ಟೊಂಗೆ ಕೇಳಿ ಒಯ್ದರು. ಇನ್ನು ಈ ತೋಟದ ಬಗ್ಗೆ ಬರೆಯಬಹುದು ಎನ್ನಿಸಿತು.

ಜಾಗ ಸುಮಾರು 20 ಅಡಿಗೆ 30 ಅಡಿ. ಅಪ್ಪಟ ಎರೆ ಮಣ್ಣು, ಬೋರ್‌ವೆಲ್‌ನ ಗಡಸು ನೀರು. ಮೊದಲ ವರ್ಷ ಚಿತ್ರ ನೋಡಿ ಗಿಡ ಆರಿಸಿದೆ. ಚಳಿಗಾಲದಲ್ಲಿ ಒಂದಕ್ಕೆ 60 ರೂಪಾಯಿಯಂತೆ 40 ಡಸ್ಟಿ ಮಿಲ್ಲರ್ ತಂದೆ. ಜನವರಿಯಲ್ಲಿ ಬೆಳ್ಳಿಯ ತಗಡಿನಂತಿದ್ದ ಎಲೆಗಳು ಹೋಳಿಯ ಹೊತ್ತಿಗೆ ಜೋತುಬಿದ್ದವು. ಬಿಸಿಲು 42 ಡಿಗ್ರಿ ಮುಟ್ಟಿದಾಗ ಒಂದೂ ಉಳಿಯಲಿಲ್ಲ. ಬೆಳ್ಳಿ ಎಲೆಯ ಇನ್ನೊಂದು ಗಿಡ ಲ್ಯಾಂಬ್ಸ್ ಇಯರ್ ಬೇಸಿಗೆಯನ್ನು ನೆರಳಿನಲ್ಲಿ ಹೇಗೋ ದಾಟಿ, ಮಳೆಗಾಲದಲ್ಲಿ ಬುಡ ಕೊಳೆತು ಸತ್ತಿತು. ಗೊಬ್ಬರ, ಕೂಲಿ ಎಲ್ಲ ಸೇರಿ ಆ ವರ್ಷ ಒಂಬತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಹಣ ಮಣ್ಣುಪಾಲಾಯಿತು.

ಇನ್ನೊಂದು ತಪ್ಪು ತಿಳಿಯಲು ಮತ್ತೂ ತಡವಾಯಿತು. ಸುಣ್ಣ ಬಳಿದ ಗೋಡೆಯ ಮುಂದೆ ನೆಟ್ಟ ನಂದಿಬಟ್ಟಲು ಮೈತುಂಬ ಹೂಬಿಟ್ಟರೂ ಬೆಳದಿಂಗಳಲ್ಲಿ ಹೂವು ಗೋಡೆಯೊಳಗೇ ಕರಗಿಹೋಗುತ್ತಿತ್ತು. ಒಂದು ದಿನ ಮನೆಯ ಬಿದರಿ ಹೂದಾನಿಯನ್ನು ಒರೆಸುತ್ತಿದ್ದಾಗ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿದ ಲೋಹದ ಮೇಲೆ ಬೆಳ್ಳಿಯ ಎಳೆ ಎಷ್ಟು ಸ್ಪಷ್ಟವಾಗಿ ನಿಂತಿದೆ ಎಂಬುದು ಕಣ್ಣಿಗೆ ಬಿತ್ತು. ಆ ವಾರವೇ ಗೋಡೆಗುಂಟ ಕಾಮಿನಿಯ ಬೇಲಿ ಹಾಕಿದೆ. ಅದರ ಕಡುಹಸಿರು ಆಳೆತ್ತರ ಬೆಳೆದ ಮೇಲೆ, ಇದ್ದ ಗಿಡಗಳೇ ಇಮ್ಮಡಿಯಾದಂತೆ ಕಂಡವು.

ಅಂದಿನಿಂದ ಹಗಲಿನಲ್ಲಿ ನೋಡಿ ಗಿಡ ಆರಿಸುವುದನ್ನು ಬಿಟ್ಟಿದ್ದೇನೆ. ಮಾದರಿಗೆ ಒಂದೊಂದೇ ತಂದು, ಕುಂಡದಲ್ಲಿಯೇ ಇಟ್ಟು, ರಾತ್ರಿ ಒಂಬತ್ತರ ನಂತರ ಹದಿನೈದು ಅಡಿ ದೂರದಿಂದ ನೋಡುತ್ತೇನೆ. ಕೆಂಪು ಕಣ್ಣಿನ ಬಿಳಿ ನಿತ್ಯಪುಷ್ಪ ಹಗಲಿನಲ್ಲಿ ಮುದ್ದಾಗಿರುತ್ತದೆ. ಬೆಳದಿಂಗಳಲ್ಲಿ ಆ ಕಣ್ಣು ಹುಳು ಕೊರೆದ ತೂತಿನಂತೆ ಕಪ್ಪಾಗುವುದರಿಂದ, ನಡುವೆಯೂ ಬಿಳಿಯಿರುವ ತಳಿಯೇ ಬೇಕು. ಸುತ್ತು ಎಸಳಿನ ನಂದಿಬಟ್ಟಲು ದೂರಕ್ಕೆ ಬರಿಯ ಮುದ್ದೆ. ಐದೆಸಳಿನದಾದರೆ ಹೂವು ಹೂವಾಗಿಯೇ ಬಿಡಿಬಿಡಿಯಾಗಿ ಕಾಣುತ್ತದೆ. ದುಂಡುಮಲ್ಲಿಗೆ ಕಣ್ಣಿಗಿಂತ ಮೂಗಿಗೆ ಸೇರಿದ್ದು, ಆದ್ದರಿಂದ ಅದನ್ನು ಕೂರುವ ಕಟ್ಟೆಯ ಪಕ್ಕಕ್ಕೆ ತಂದೆ. ಗಡಸು ನೀರಿಗೆ ಅದರ ಎಲೆ ಹಳದಿಯಾದಾಗ ಲೀಟರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ತುಸು ನಿಂಬೆಹುಳಿ ಸೇರಿಸಿ ಎಲೆಗೆ ಸಿಂಪಡಿಸಿದ್ದು ಫಲ ಕೊಟ್ಟಿತು.

ಬೆಳ್ಳಿ ಎಲೆಗೆ ಕೊನೆಗೆ ಒದಗಿದ್ದು ಸಿಲ್ವರ್ ಸೇಜ್ ಎಂಬ ಗಿಡ. ಮಾರಿದವರು ದಿನವೂ ನೀರು ಹಾಕಿರಿ ಎಂದಿದ್ದರು. ಹಾಗೆ ಮಾಡಿದಾಗ ಎಲೆ ಹಸಿರಾಗಿ, ಟೊಂಗೆ ಸೊಟ್ಟಗೆ ಬೆಳೆಯಿತು. ಎರೆ ಮಣ್ಣು ಮಳೆಗೆ ಉಬ್ಬಿ ನೀರನ್ನು ಹಿಡಿದಿಡುತ್ತದೆ, ಬೇಸಿಗೆಗೆ ಬಿರಿದು ಬೇರು ಹರಿಯುತ್ತದೆ. ಆದ್ದರಿಂದ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಬೆರೆಸಿ ಒಂದೂವರೆ ಅಡಿ ದಿಬ್ಬ ಕಟ್ಟಿ, ಪೂರ್ತಿ ಬಿಸಿಲಿಗೆ ಒಡ್ಡಿ, ನೀರಿಗೆ ಕೈ ಬಿಗಿಹಿಡಿದೆ. ಎರಡು ತಿಂಗಳಲ್ಲಿ ಹೊಸ ಎಲೆಗಳು ಬೂದಿ ಸವರಿದಂತೆ ಬೆಳ್ಳಗಾದವು. ಗರಸು ಮತ್ತು ಗೊಬ್ಬರದ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ; ಅದಕ್ಕೆ ನಾನು ಎಂಟು ಗಿಡಗಳ ಬೆಲೆ ತೆತ್ತಿದ್ದೇನೆ. ಎರಡು ಬೇಸಿಗೆ ಕಳೆದಿವೆ, ಪ್ರಮಾಣ ಕುದುರಿದ ಮೇಲೆ ನೆಟ್ಟ ಹನ್ನೆರಡರಲ್ಲಿ ಹತ್ತು ಗಟ್ಟಿಯಾಗಿ ನಿಂತಿವೆ. ಬಿಳಿ ಕಾಗದದ ಹೂವಿನ ಬಳ್ಳಿಗೂ ಹೂವಿಗೆ ಮುನ್ನ ನೀರು ನಿಲ್ಲಿಸುತ್ತೇನೆ. ಎಷ್ಟು ದಿನ ಎಂಬುದು ನನ್ನಲ್ಲೇ ಇರಲಿ.

ದಾರಿಗೆ ಶಹಾಬಾದ್ ಕಲ್ಲಿನ ಚೂರು ಹಾಸಿದ್ದು ರಾತ್ರಿ ಮಸುಕಾಗಿ ಹೊಳೆಯಿತಾದರೂ, ಮೇ ತಿಂಗಳಲ್ಲಿ ಅದರ ಕಾವಿಗೆ ಅಂಚಿನ ಮಲ್ಲಿಗೆ ಸುಟ್ಟುಹೋಯಿತು. ಈಗ ಬುಡದಿಂದ ಎರಡಡಿ ದೂರ ಇಟ್ಟಿದ್ದೇನೆ. ಡಸ್ಟಿ ಮಿಲ್ಲರ್‌ನ ಜಾಗಕ್ಕೆ ಚಳಿಗಾಲದ ಮಟ್ಟಿಗೆ ದವನವನ್ನೇ ಬಿತ್ತಿ ನೋಡಿದೆ. ಬೂದು ಬಣ್ಣದ ಸಣ್ಣ ಎಲೆ, ಕೈ ತಾಗಿದರೆ ಪರಿಮಳ, ಬೀಜಕ್ಕೆ ನೂರು ರೂಪಾಯಿಯೂ ಆಗಲಿಲ್ಲ. ಶಿವರಾತ್ರಿಯ ನಂತರ ಒಣಗಿತು. ಬೀಜ ತೆಗೆದಿಟ್ಟಿದ್ದೇನೆ, ದೀಪಾವಳಿ ಕಳೆಯುತ್ತಲೇ ಸಿಲ್ವರ್ ಸೇಜ್‌ನ ದಿಬ್ಬದ ಅಂಚಿಗೆ ಬಿತ್ತುತ್ತೇನೆ.