ಮಕ್ಕಳಿಗೆ ತಿಳಿಯುವಂತೆ ಇಂಗ್ಲಿಷ್ ಪದಗಳ ಅರ್ಥ ಬರೆಯುವುದು ಹೇಗೆ?

ದೊಡ್ಡವರ ನಿಘಂಟಿನಿಂದ ಅರ್ಥವನ್ನು ಹಾಗೇ ಇಳಿಸಿಕೊಟ್ಟರೆ, ಒಂದು ಪದ ತಿಳಿಯಲು ಮಗು ಇನ್ನೂ ಮೂರು ಪದ ಹುಡುಕಬೇಕಾಗುತ್ತದೆ. ವಿವರಣೆಯ ಪದಗಳು ವಿವರಿಸಬೇಕಾದ ಪದಕ್ಕಿಂತ ಸುಲಭವಾಗಿರಲೇಬೇಕು. ಕಲಿಯುವವರಿಗಾಗಿ 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳಲ್ಲೇ ಎಲ್ಲ ಅರ್ಥಗಳನ್ನೂ ಹೇಳಲು ಹೊರಟಿತ್ತು. ಚಿಕ್ಕ ಮಕ್ಕಳಿಗೆ ಅಷ್ಟೂ ಬೇಡ. ವಿವರಣೆ ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಕ್ರಮ ಒಂದೇ.

ಮೊದಲು, ಯಾವ ಅರ್ಥ ಬೇಕೆಂದು ಗೊತ್ತುಮಾಡಿಕೊಳ್ಳಿ. 'ಲೈಟ್' ಎಂದರೆ ಬೆಳಕೂ ಹೌದು, ಹಗುರವೂ ಹೌದು. ಪಾಠದಲ್ಲಿ ಬಂದ ಅರ್ಥವೊಂದನ್ನೇ ಬರೆಯಿರಿ. ಇನ್ನೊಂದು ಎದುರಾದ ದಿನ ನೋಡಿಕೊಂಡರಾಯಿತು.

ವಸ್ತುವಾದರೆ ಎರಡು ಮಾತು ಸಾಕು: ಅದು ಯಾವ ಜಾತಿಯದು, ಅದೇ ಜಾತಿಯ ಬೇರೆಯದಕ್ಕಿಂತ ಹೇಗೆ ಭಿನ್ನ. 'ಚೇರ್' ಎಂದರೆ ಕೂರುವ ಸಾಧನ ಎಂದಷ್ಟೇ ಬರೆದರೆ ಸ್ಟೂಲ್, ಬೆಂಚು ಎಲ್ಲವೂ ಒಳಗೆ ಬರುತ್ತವೆ. 'ಒಬ್ಬರೇ' ಎಂದು ಸೇರಿಸಿದರೆ ಬೆಂಚು ಹೊರಗಾಯಿತು, 'ಬೆನ್ನು ಒರಗಿಸಿ' ಎಂದು ಸೇರಿಸಿದರೆ ಸ್ಟೂಲ್ ಕೂಡ. ಮರದ್ದು, ನಾಲ್ಕು ಕಾಲಿನದು ಎಂಬ ವಿವರ ಬೇಡ, ಪ್ಲಾಸ್ಟಿಕ್ಕಿನದೂ ಚೇರೇ.

ಕ್ರಿಯಾಪದಗಳಲ್ಲಿ ಎಡವುವುದೇ ಹೆಚ್ಚು. 'ಬಾರೋ', 'ಲೆಂಡ್' ಎರಡಕ್ಕೂ 'ಸಾಲ' ಎಂದು ಬರೆದು ಮುಗಿಸಿದರೆ ಮಗು ಜೀವನವಿಡೀ ಅದಲುಬದಲು ಮಾಡುತ್ತದೆ. ಇಲ್ಲಿ ಪೂರ್ತಿ ವಾಕ್ಯವೇ ಬೇಕು, ಯಾರ ವಸ್ತು ಯಾರ ಕೈಗೆ ಹೋಯಿತು ಎಂಬುದು ಅದರಲ್ಲಿ ಕಾಣಬೇಕು. 'ಗೆಳತಿಯ ಪೆನ್ಸಿಲ್ಲನ್ನು ವಾಪಸ್ ಕೊಡುತ್ತೇನೆಂದು ನೀನು ತೆಗೆದುಕೊಂಡರೆ, ನೀನು ಮಾಡಿದ್ದು ಬಾರೋ. ಅವಳು ಮಾಡಿದ್ದು ಲೆಂಡ್.' (ವಾಪಸ್ ಕೊಡಲು ಮರೆತರೂ ಪದ ಬದಲಾಗದು!)

ಗುಣವಾಚಕಗಳಿಗೆ ವಿರುದ್ಧ ಪದ ಮಾತ್ರ ಕೊಡುವುದು ಸೋಮಾರಿತನ. 'ಹೆವಿ' ಎಂದರೆ ಲೈಟ್ ಅಲ್ಲದ್ದು, 'ಲೈಟ್' ಎಂದರೆ ಹೆವಿ ಅಲ್ಲದ್ದು ಎಂದರೆ ಎರಡೂ ತಿಳಿಯಲಿಲ್ಲ. 'ಎತ್ತಲು ಕಷ್ಟವಾಗುವಷ್ಟು ತೂಕದ್ದು' ಎನ್ನಿ. 'ಆನ್', 'ಅಂಡರ್'ನಂಥವಕ್ಕೆ ವಿವರಣೆಯೇ ಬೇಡ, ಪುಸ್ತಕವನ್ನು ಮೇಜಿನ ಮೇಲೆ, ಕೆಳಗೆ ಇಟ್ಟು ತೋರಿಸಿ.

ಬರೆದಾದ ಮೇಲೆ ಪದವನ್ನು ಮುಚ್ಚಿ, ಅರ್ಥವನ್ನಷ್ಟೇ ಓದಿ, ಯಾವ ಪದವೆಂದು ಕೇಳಿ. 'ಮಳೆಯಲ್ಲಿ ನೆನೆಯದಂತೆ ಕಾಪಾಡುವ ವಸ್ತು' ಎಂದಾಗ ಮಗು 'ಅಂಬ್ರೆಲಾ' ಬದಲು 'ರೈನ್‌ಕೋಟ್' ಎಂದರೆ ತಪ್ಪು ಮಗುವಿನದಲ್ಲ. 'ಕೈಯಲ್ಲಿ ಹಿಡಿದು ತಲೆಯ ಮೇಲೆ ಬಿಚ್ಚುವ' ಎಂದು ಸೇರಿಸಿ, ಆ ಪದ ಗೊತ್ತಿರುವ ಇನ್ನೊಂದು ಮಗುವನ್ನು ಕೇಳಿ ನೋಡಿ.